ನದಿದಂಡೆಯ ಹಾದಿಯಲ್ಲಿ ರಿಕಂಬೆಂಟ್ ಟ್ರೈಕ್: ಮೊದಲ ಸವಾರಿಗೆ ತಯಾರಾಗುವುದು ಹೇಗೆ?

"ಮೂರು ಗಾಲಿ ಇದೆ, ಬೀಳುವ ಭಯ ಇಲ್ಲ. ಹಾಗಾದರೆ ತಂದ ದಿನವೇ ನದಿದಂಡೆಗೆ ಇಳಿಸಬಹುದು, ಅಲ್ವಾ?" ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುವುದು ಇದೊಂದೇ ಪ್ರಶ್ನೆ. ಇಳಿಸಬಹುದು, ಆದರೆ ತಂದ ದಿನವೇ ಬೇಡ. ಮೊದಲು ಒಂದೆರಡು ದಿನದ ತಯಾರಿ ಬೇಕು. ಅದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ರಿಕಂಬೆಂಟ್ ಟ್ರೈಕ್ ಎಂದರೆ ಹಿಂದಕ್ಕೆ ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯುವ ಮೂರು ಗಾಲಿಯ ಸೈಕಲ್. ಸೀಟು ಆರಾಮಕುರ್ಚಿಯ ಹಾಗಿರುತ್ತದೆ. ಮಣಿಕಟ್ಟು, ಕತ್ತುಗಳ ಮೇಲೆ ಭಾರ ಬೀಳುವುದಿಲ್ಲ. ಒರಗಿ ತುಳಿಯುವುದು ಹೊಸ ವಿಚಾರವೇನಲ್ಲ. 1933ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಇಂಥದೇ ಎರಡು ಗಾಲಿಯ ಸೈಕಲ್ ತುಳಿದು ಒಂದು ಗಂಟೆಯಲ್ಲಿ 45 ಕಿಲೋಮೀಟರ್‌ಗೂ ತುಸು ಹೆಚ್ಚು ದೂರ ಹೋದ, ಅಲ್ಲಿಯವರೆಗಿನ ದಾಖಲೆ ಮುರಿದ. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಂಥ ಸೈಕಲ್‌ಗಳನ್ನು ಮಾಮೂಲಿ ಪಂದ್ಯಗಳಿಂದ ಹೊರಗಿಟ್ಟಿತು. ಇವು ಅಪರೂಪವಾಗಿಯೇ ಉಳಿದವು. ಹಾಗಾಗಿ ಹಾದಿಯಲ್ಲಿ ಎದುರಾಗುವ ಎಷ್ಟೋ ಜನ ಇಂಥ ಗಾಡಿಯನ್ನು ಮೊದಲ ಸಲ ನೋಡುತ್ತಿರುತ್ತಾರೆ. ಅದು ಎಷ್ಟು ಅಗಲ, ಎಷ್ಟು ಬೇಗ ಬರುತ್ತದೆ ಎಂಬ ಅಂದಾಜು ಅವರಿಗೆ ಇರುವುದಿಲ್ಲ.

ಮಾಮೂಲಿ ಸೈಕಲ್‌ನಲ್ಲಿ ಮುಖ್ಯ ಚಿಂತೆ ಸಮತೋಲನದ್ದು. ಟ್ರೈಕ್‌ನಲ್ಲಿ ಅದು ಹೋಗಿ ಬೇರೆ ಮೂರು ಬರುತ್ತವೆ: ಪಾದ ಎಲ್ಲಿದೆ, ಗಾಡಿ ಎಷ್ಟು ಅಗಲ, ನೀವು ಎಷ್ಟು ತಗ್ಗಿನಲ್ಲಿ ಕೂತಿದ್ದೀರಿ. ಕೆಳಗಿನ ಎಚ್ಚರಿಕೆಗಳು ಹೆಚ್ಚುಕಡಿಮೆ ಈ ಮೂರರಿಂದಲೇ ಹುಟ್ಟಿದವು.

1. ನಿಮ್ಮದು ಯಾವ ಬಗೆ ಎಂದು ತಿಳಿದುಕೊಳ್ಳಿ

ಮುಂದೆ ಎರಡು ಗಾಲಿ, ಹಿಂದೆ ಒಂದು ಇದ್ದರೆ ಅದು ಟ್ಯಾಡ್‌ಪೋಲ್. ಟ್ಯಾಡ್‌ಪೋಲ್ ಎಂದರೆ ಗೊದಮೊಟ್ಟೆ; ತಲೆ ಅಗಲ, ಬಾಲ ಸಣ್ಣ. ಮುಂದೆ ಒಂದು, ಹಿಂದೆ ಎರಡು ಇದ್ದರೆ ಡೆಲ್ಟಾ. ಡೆಲ್ಟಾದ ಸೀಟು ಸಾಮಾನ್ಯವಾಗಿ ಎತ್ತರ, ಕೂತು ಏಳುವುದು ಸುಲಭ. ಟ್ಯಾಡ್‌ಪೋಲ್ ತಗ್ಗು, ತಿರುವಿನಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಹೆಚ್ಚಿನವರ ಬಳಿ ಇರುವುದು ಟ್ಯಾಡ್‌ಪೋಲ್ ಆದ್ದರಿಂದ ಮುಂದಿನ ಮಾತೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

2. ಕಾಲಳತೆಗೆ ಬೂಮ್ ಹೊಂದಿಸಿ

ಪೆಡಲ್‌ಗಳನ್ನು ಹೊತ್ತು ಮುಂದಕ್ಕೆ ಚಾಚಿಕೊಂಡಿರುವ ಕೊಳವೆಗೆ ಬೂಮ್ ಎನ್ನುತ್ತಾರೆ. ಬಹಳಷ್ಟು ಟ್ರೈಕ್‌ಗಳಲ್ಲಿ ಇದನ್ನು ಹೊರಕ್ಕೆ ಎಳೆಯಬಹುದು, ಒಳಕ್ಕೆ ತಳ್ಳಬಹುದು. ಸೀಟಿಗೆ ಬೆನ್ನು ಪೂರ್ತಿ ಒತ್ತಿ ಕೂರಿ. ಒಂದು ಪೆಡಲ್ ಅತಿ ದೂರ ಹೋಗುವ ಹಾಗೆ ತಿರುಗಿಸಿ, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ಆಗ ನೇರವಾಗಬೇಕು. ಅದೇ ಜಾಗಕ್ಕೆ ಪಾದದ ಮುಂಭಾಗ ತಂದರೆ ಮಂಡಿ ಸ್ವಲ್ಪವೇ ಮಡಚಿರುತ್ತದೆ. ಅಷ್ಟಿದ್ದರೆ ಸರಿ.

ಬೂಮ್ ಉದ್ದವಾದರೆ ಪ್ರತಿ ತುಳಿತಕ್ಕೂ ಸೊಂಟ ಅತ್ತಿತ್ತ ಜಾರುತ್ತದೆ. ಗಿಡ್ಡವಾದರೆ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಮಂಡಿನೋವಿದೆ ಎಂದು ಟ್ರೈಕ್ ಕೊಂಡು, ಬೂಮ್ ಗಿಡ್ಡ ಇಟ್ಟುಕೊಂಡು ನೋವು ಜಾಸ್ತಿ ಮಾಡಿಕೊಳ್ಳುವವರು ಇದ್ದಾರೆ. ದಯವಿಟ್ಟು ಈ ಹಂತವನ್ನು ಅವಸರದಲ್ಲಿ ಮುಗಿಸಬೇಡಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಮಾತ್ರ ಸರಿಸಿ, ಸ್ವಲ್ಪ ತುಳಿದು ನೋಡಿ.

ಇಲ್ಲೊಂದು ಎಚ್ಚರಿಕೆ. ಬೂಮ್ ಬಹಳ ಹೊರಗೆಳೆದರೆ ಚೈನು ಸಾಲದೆ ಬರುತ್ತದೆ. ಆ ಸ್ಥಿತಿಯಲ್ಲಿ ಮುಂದೆ, ಹಿಂದೆ ಎರಡೂ ಕಡೆ ದೊಡ್ಡ ಹಲ್ಲುಚಕ್ರಕ್ಕೆ ಗೇರು ಹಾಕಿದರೆ ಚೈನು ಬಿಗಿದು, ಹಿಂದಿನ ಗೇರು ಬದಲಿಸುವ ಸಾಧನವೇ ಮುರಿಯಬಹುದು. ಟ್ರೈಕ್‌ನ ಚೈನು ಮಾಮೂಲಿ ಸೈಕಲ್‌ನದಕ್ಕಿಂತ ಎರಡು ಪಟ್ಟಿಗೂ ಉದ್ದ. ಕೊಂಡಿ ಸೇರಿಸುವುದು, ತೆಗೆಯುವುದು ಗೊತ್ತಿಲ್ಲದಿದ್ದರೆ ಬಲ್ಲವರ ಕೈಗೆ ಕೊಡಿ. ಅಳತೆ ಸರಿಹೋದ ಮೇಲೆ ಬೋಲ್ಟು ಬಿಗಿ ಮಾಡಿ, ಬೂಮ್ ಮೇಲೆ ಟೇಪಿನಿಂದ ಗುರುತು ಹಾಕಿ. ಅದು ಸವಾರಿಯಲ್ಲಿ ಜಾರಿದರೆ ನೋಡಿದ ಕೂಡಲೇ ಗೊತ್ತಾಗುತ್ತದೆ.

3. ಪಾದವನ್ನು ಪೆಡಲ್‌ಗೆ ಹಿಡಿಸಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಓದುತ್ತೀರಾದರೆ ಇದನ್ನು ಓದಿ.

ಮಾಮೂಲಿ ಸೈಕಲ್‌ನಲ್ಲಿ ಪೆಡಲ್‌ನಿಂದ ಕಾಲು ಜಾರಿದರೆ ನೆಲಕ್ಕೆ ಊರುತ್ತೇವೆ, ಅಷ್ಟೇ. ಟ್ರೈಕ್‌ನಲ್ಲಿ ಪೆಡಲ್ ನಿಮ್ಮ ಮುಂದಿದೆ, ಗಾಡಿ ಪಾದದ ಹಿಂದೆ ಬರುತ್ತಿದೆ. ಪಾದ ಜಾರಿ ನೆಲ ಮುಟ್ಟಿತೆಂದರೆ ನೆಲ ಅದನ್ನು ಹಿಡಿದುಕೊಳ್ಳುತ್ತದೆ, ಗಾಡಿ ಅದರ ಮೇಲೇ ಹಾಯುತ್ತದೆ. ಮುಂದಿನ ಎರಡು ಗಾಲಿಗಳನ್ನು ಸೇರಿಸುವ ಅಡ್ಡಕೊಳವೆಯ ಕೆಳಗೆ ಕಾಲು ಸಿಕ್ಕಿಕೊಳ್ಳುತ್ತದೆ. ಸವಾರರ ಭಾಷೆಯಲ್ಲಿ ಇದು ಲೆಗ್ ಸಕ್, ಅಂದರೆ ಕಾಲು ಒಳಕ್ಕೆ ಎಳೆದುಕೊಳ್ಳುವುದು. ಕೀಲು ತಿರುಚಬಹುದು, ಮೂಳೆ ಮುರಿಯಬಹುದು. ನಿಧಾನ ಹೋಗುವಾಗಲೂ ಆಗುತ್ತದೆ. ಒಂದು ಸಣ್ಣ ಉಬ್ಬು ಸಾಕು.

ಇದನ್ನು ತಪ್ಪಿಸಲು ಮೂರು ದಾರಿ ಇವೆ. ಮೊದಲನೆಯದು ಕ್ಲಿಪ್‌ಲೆಸ್ ಪೆಡಲ್. ಹೆಸರು ಗೊಂದಲ ಹುಟ್ಟಿಸಿದರೂ ಇದರಲ್ಲಿ ಶೂ ಅಡಿಯ ಲೋಹದ ಬಿಲ್ಲೆ ಪೆಡಲ್‌ಗೆ ಕಚ್ಚಿಕೊಳ್ಳುತ್ತದೆ. ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಎರಡನೆಯದು ಹಿಮ್ಮಡಿಯನ್ನು ಹಿಂದಿನಿಂದ ಆತುಕೊಳ್ಳುವ ಬಟ್ಟಲು ಇರುವ ಪೆಡಲ್. ಮಾಮೂಲಿ ಚಪ್ಪಟೆ ಶೂನಲ್ಲೇ ನಡೆಯುತ್ತದೆ. ಕಾಲಿನ ಸ್ವಾಧೀನ ಕಡಿಮೆ ಇರುವವರಿಗೆ, ಬಿಲ್ಲೆ ಬಿಡಿಸಲು ಕಷ್ಟ ಪಡುವವರಿಗೆ ಇದೇ ಒಳ್ಳೆಯದು. ಮೂರನೆಯದು ಪಟ್ಟಿ. ಬರೀ ಬೆರಳ ಕಡೆ ಹಿಡಿಯುವ ಪಟ್ಟಿ ಸಾಲದು, ಹಿಮ್ಮಡಿಯ ಹಿಂದೆಯೂ ಸುತ್ತು ಬರಬೇಕು.

ಕ್ಲಿಪ್‌ಲೆಸ್ ಎಂದರೆ ಹೊಸಬರು ಹೆದರುತ್ತಾರೆ, ನಿಂತಾಗ ಕಾಲು ಬಿಡಿಸಲಾಗದೆ ಬಿದ್ದರೆ ಎಂದು. ಟ್ರೈಕ್ ನಿಂತಲ್ಲಿ ಬೀಳುವುದಿಲ್ಲ. ಸಿಗ್ನಲ್‌ನಲ್ಲೂ ಕಾಲು ಪೆಡಲ್ ಮೇಲೆಯೇ ಇರಲಿ. ಗಾಡಿ ಚಲಿಸುವಾಗ ಯಾವ ಕಾರಣಕ್ಕೂ ಪಾದ ಕೆಳಗಿಡಬೇಡಿ, ನಿಲ್ಲಿಸಲಿಕ್ಕೂ ಬೇಡ. ಮಾಮೂಲಿ ಸೈಕಲ್ ಓಡಿಸಿದವರಿಗೆ ಹೆದರಿಕೆಯಾದಾಗ ಕಾಲು ತಾನಾಗಿ ಕೆಳಗಿಳಿಯುತ್ತದೆ. ಆ ರೂಢಿ ಬೇಗ ಬಿಡುವುದಿಲ್ಲ. ಅದಕ್ಕೇ ಪಾದ ಹಿಡಿಸಬೇಕು ಎನ್ನುವುದು.

4. ಕೂರುವುದು, ಏಳುವುದು

ಮೊದಲು ಪಾರ್ಕಿಂಗ್ ಬ್ರೇಕ್ ಹಾಕಿ. ಬ್ರೇಕ್ ಹಿಡಿಯನ್ನು ಒತ್ತಿದಂತೆಯೇ ನಿಲ್ಲಿಸುವ ಒಂದು ಗುಂಡಿಯೋ ಕೊಕ್ಕೆಯೋ ಇರುತ್ತದೆ. ಆಮೇಲೆ ಸೀಟಿಗೆ ಬೆನ್ನು ಮಾಡಿ, ನಡುವಿನ ಕೊಳವೆಯ ಆಚೆ ಒಂದು, ಈಚೆ ಒಂದು ಕಾಲಿಟ್ಟು ನಿಲ್ಲಿ. ಸೀಟಿನ ಅಂಚು ಕೈಗೆ ಸಿಗುವವರೆಗೆ ಬಗ್ಗಿ ನಿಧಾನ ಕೂರಿ. ಏಳುವಾಗ ಎರಡೂ ಪಾದ ಆದಷ್ಟು ಹತ್ತಿರ ಎಳೆದುಕೊಂಡು, ಸೀಟಿನ ಅಂಚು ಒತ್ತಿ, ಮೈ ಮುಂದಕ್ಕೆ ಬಾಗಿಸಿ ಎದ್ದೇಳಿ.

ಹ್ಯಾಂಡಲ್ ಹಿಡಿದು ಜೋತು ಬೀಳಬೇಡಿ, ಅದು ನಿಮ್ಮ ಭಾರ ಹೊರಲು ಮಾಡಿದ್ದಲ್ಲ. ಕೆಳಗಿನಿಂದ ಏಳುವುದು ಕಷ್ಟ ಎನ್ನುವವರಿಗೆ ಪಕ್ಕಕ್ಕೆ ಜೋಡಿಸುವ ಹಿಡಿಕೆಗಳು ಸಿಗುತ್ತವೆ. ಅವನ್ನು ಹಾಕಿಸಿಕೊಳ್ಳಲು ಸಂಕೋಚ ಬೇಡ.

5. ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿ

ಜನ, ಗಾಡಿ ಇಲ್ಲದ ಸಮತಟ್ಟಾದ ಜಾಗ ಹುಡುಕಿ. ಒಂದು ಗಂಟೆಯಾದರೂ ಅಲ್ಲೇ ಸುತ್ತಿ.

ಮೊದಲು ಬ್ರೇಕು. ಬಹಳಷ್ಟು ಟ್ಯಾಡ್‌ಪೋಲ್‌ಗಳಲ್ಲಿ ಎಡಗೈ ಬ್ರೇಕು ಮುಂದಿನ ಎಡಬದಿಯ ಗಾಲಿಗೆ, ಬಲಗೈ ಬ್ರೇಕು ಬಲಬದಿಯ ಗಾಲಿಗೆ. ಒಂದನ್ನೇ ಒತ್ತಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಎರಡನ್ನೂ ಒಂದೇ ಸಮ ಒತ್ತುವುದು ಕೈಗೆ ಹತ್ತಬೇಕು. ನೀರಿನ ಬಾಟಲಿ ತೆಗೆಯಲು ಒಂದು ಕೈ ಬಿಟ್ಟಾಗಲೇ ಬ್ರೇಕು ಬೇಕಾಗುವುದು ಉಂಟು. ಹಾಗಾಗಿ ನಿಧಾನ ಹೋಗುತ್ತಾ ಒಂದೇ ಕೈಯಲ್ಲಿ ಬ್ರೇಕ್ ಹಿಡಿದು, ಎಷ್ಟು ಎಳೆಯುತ್ತದೆ ಎಂದೂ ನೋಡಿಟ್ಟುಕೊಳ್ಳಿ.

ಆಮೇಲೆ ತಿರುವು. ಟ್ರೈಕ್ ಉರುಳುವುದೇ ಇಲ್ಲ ಎನ್ನುವುದು ತಪ್ಪು ತಿಳಿವಳಿಕೆ. ವೇಗದಲ್ಲಿ ಚುರುಕಾಗಿ ತಿರುಗಿಸಿದರೆ ಒಳಬದಿಯ ಗಾಲಿ ನೆಲ ಬಿಡುತ್ತದೆ, ಇನ್ನೂ ಜಾಸ್ತಿಯಾದರೆ ಗಾಡಿ ಹೊರಬದಿಗೆ ಮಗುಚುತ್ತದೆ. ಎಡಕ್ಕೆ ತಿರುಗುವಾಗ ಭುಜ, ತಲೆ ಎಡಕ್ಕೆ ವಾಲಬೇಕು, ಬಲಕ್ಕಾದರೆ ಬಲಕ್ಕೆ. ವೇಗ ಇಳಿಸುವುದು ತಿರುವಿಗೆ ಮೊದಲು, ತಿರುವಿನ ನಡುವೆ ಅಲ್ಲ. ಹ್ಯಾಂಡಲ್ ಹಗುರವಾಗಿ ಹಿಡಿಯಿರಿ. ಗಟ್ಟಿ ಹಿಡಿದರೆ ಪ್ರತಿ ತುಳಿತಕ್ಕೂ ಗಾಡಿ ಹಾವಿನಂತೆ ಹರಿಯುತ್ತದೆ.

ಕೊನೆಗೆ ಗೇರು. ಇಲ್ಲಿ ಎದ್ದು ನಿಂತು ಮೈಭಾರ ಹಾಕಿ ತುಳಿಯಲು ಆಗುವುದಿಲ್ಲ. ಬೆನ್ನು ಸೀಟಿಗೆ ಒತ್ತಿ ಕಾಲು ಜೋರಾಗಿ ನೂಕಬಹುದು, ಆದರೆ ಆ ಬಲವೆಲ್ಲ ಮಂಡಿಯ ಮೂಲಕವೇ ಹೋಗುತ್ತದೆ. ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ. ನಿಮಿಷಕ್ಕೆ 70ರಿಂದ 90 ಸುತ್ತು ಬಂದರೆ ಚೆನ್ನ. ನಿಲ್ಲುವ ಮೊದಲೇ ಹಗುರ ಗೇರಿಗೆ ಬನ್ನಿ. ಮಾಮೂಲಿ ಗೇರುಗಳು ಚೈನು ಓಡುತ್ತಿದ್ದಾಗ ಮಾತ್ರ ಬದಲಾಗುತ್ತವೆ. ಭಾರ ಗೇರಿನಲ್ಲಿ ನಿಂತುಬಿಟ್ಟರೆ ಮತ್ತೆ ಹೊರಡುವಾಗ ಮಂಡಿ ಬೇಡಿಕೊಳ್ಳುತ್ತದೆ.

6. ಹಾದಿಯನ್ನು ನಡೆದು ನೋಡಿ ಬನ್ನಿ

ಕೈಯಲ್ಲಿ ಅಳತೆ ಟೇಪು ಇರಲಿ. ಟ್ಯಾಡ್‌ಪೋಲ್‌ಗಳ ಅಗಲ ಸಾಮಾನ್ಯವಾಗಿ 75ರಿಂದ 85 ಸೆಂಟಿಮೀಟರ್. ನಿಮ್ಮದನ್ನು ಗಾಲಿಯ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಕಾರು ನುಗ್ಗದಂತೆ ಹಾದಿಯ ಬಾಯಲ್ಲಿ ನೆಟ್ಟಿರುವ ಕಂಬಗಳ ನಡುವೆ ಅದು ಹಿಡಿಯುತ್ತದೆಯೇ? ಕೆಲವು ಕಡೆ ಸೈಕಲ್ ವೇಗ ತಗ್ಗಿಸಲು ಒಂದರ ಹಿಂದೆ ಒಂದು ಓರೆಯಾಗಿ ಇಟ್ಟ ತಡೆಬೇಲಿ ಇರುತ್ತದೆ. ಮಾಮೂಲಿ ಸೈಕಲ್ ಅದರಲ್ಲಿ ನುಸುಳುತ್ತದೆ, ಟ್ರೈಕ್ ತಿರುಗುವುದಿಲ್ಲ. ಇಳಿದು ಹಿಂದಿನ ತುದಿ ಎತ್ತಿ ತಿರುಗಿಸಬೇಕು. ಅದು ನಿಮ್ಮಿಂದ ಆಗದಿದ್ದರೆ ಬೇರೆ ಪ್ರವೇಶ ಹುಡುಕಿಕೊಳ್ಳಿ.

ಇಳಿಜಾರು ನೋಡಿ. ರಸ್ತೆಯಿಂದ ನದಿಮಟ್ಟಕ್ಕೆ ಇಳಿಯುವ ಜಾಗ ಕಡಿದಾಗಿರುತ್ತದೆ, ಕೆಳಗೆ ತಿರುವೂ ಇರುತ್ತದೆ. ಇಳಿದದ್ದನ್ನು ಹತ್ತಬೇಕಲ್ಲ. ಟ್ಯಾಡ್‌ಪೋಲ್‌ನಲ್ಲಿ ಹೆಚ್ಚಿನ ಭಾರ ಮುಂದಿನ ಗಾಲಿಗಳ ಮೇಲಿರುತ್ತದೆ, ತಳ್ಳುವುದು ಹಿಂದಿನ ಗಾಲಿ. ಒದ್ದೆ ಎಲೆ, ಜಲ್ಲಿ ಇರುವ ಏರಿನಲ್ಲಿ ಆ ಗಾಲಿ ಸುಮ್ನೆ ನಿಂತಲ್ಲೇ ತಿರುಗುತ್ತದೆ. ಅಂಥ ಕಡೆ ಇಳಿದು ತಳ್ಳುವುದೇ ವಾಸಿ.

ಸೇತುವೆಯ ಕೆಳಗಿನ ಭಾಗ ನೋಡಿ. ನದಿ ಏರಿದಾಗ ಮೊದಲು ಮುಳುಗುವುದು ಅದೇ. ನೀರು ಇಳಿದ ಮೇಲೂ ನುಣುಪಾದ ಕೆಸರು ಉಳಿದಿರುತ್ತದೆ. ಹಾದಿಯ ನಿಯಮದ ಫಲಕವನ್ನೂ ಓದಿ: ಸೈಕಲ್‌ಗೆ ಅನುಮತಿ ಎಲ್ಲಿಯವರೆಗೆ, ಬ್ಯಾಟರಿ ಮೋಟಾರು ಜೋಡಿಸಿದ ಗಾಡಿ ಬಿಡುತ್ತಾರೆಯೇ, ಯಾವ ಬದಿಯಲ್ಲಿ ಹೋಗಬೇಕು. ಇದು ಊರಿಂದ ಊರಿಗೆ ಬೇರೆ.

7. ಗಾಡಿಯ ಮೇಲೆ ಏನೇನು ಇರಬೇಕು

ಬಾವುಟ, ಕನ್ನಡಿ, ಬೆಲ್ಲು, ದೀಪ. ಇಷ್ಟು ಇಲ್ಲದೆ ಹೊರಡಬೇಡಿ. ಬಾವುಟದ ಕೋಲು ನಿಂತ ಮನುಷ್ಯನ ಕಣ್ಣಿನ ಮಟ್ಟಕ್ಕಾದರೂ ಬರಬೇಕು, ಬಣ್ಣ ಕಣ್ಣಿಗೆ ಹೊಡೆಯಬೇಕು. ಕನ್ನಡಿ ಎರಡೂ ಬದಿಗೆ ಬೇಕು, ಏಕೆಂದರೆ ಒರಗಿ ಕೂತವರಿಗೆ ತಿರುಗಿ ಹಿಂದೆ ನೋಡುವುದು ಕಷ್ಟ. ಮುಂದಿನ ದೀಪವನ್ನು ತುಸು ಕೆಳಮುಖವಾಗಿ ಕಟ್ಟಿ. ಬೆಳಕು ಹಾದಿಯ ಮೇಲೆ ಬೀಳಲಿ, ಎದುರು ಬರುವ ಮಗುವಿನ ಕಣ್ಣಿಗೆ ಅಲ್ಲ.

ಪಂಕ್ಚರ್ ಸಾಮಾನು ಒಯ್ಯುವಾಗ ಒಂದು ಮಾತು ಮರೆಯಬೇಡಿ. ಮುಂದಿನ ಗಾಲಿ 20 ಇಂಚು, ಹಿಂದಿನದು 26 ಇಂಚು ಇರುವ ಟ್ರೈಕ್‌ಗಳು ಬಹಳ. ನಿಮ್ಮದು ಹಾಗಿದ್ದರೆ ಎರಡು ಅಳತೆಯ ಟ್ಯೂಬ್ ಬೇಕು. ಮುಖ ಮೇಲಕ್ಕೆ ಇರುವುದರಿಂದ ಬಿಸಿಲು ನೇರ ಕಣ್ಣಿಗೆ ಬೀಳುತ್ತದೆ, ನೀರಿನಿಂದಲೂ ಪ್ರತಿಫಲಿಸುತ್ತದೆ. ಅಂಚಿರುವ ಟೋಪಿ, ಕಪ್ಪು ಕನ್ನಡಕ ಹಾಕಿಕೊಳ್ಳಿ.

8. ಹಾದಿಗೆ ಇಳಿಯಿರಿ

ಮೊದಲ ಸಲ ಜನ ಕಡಿಮೆ ಇರುವ ಹೊತ್ತು ಆರಿಸಿ, ಐದಾರು ಕಿಲೋಮೀಟರ್‌ಗೆ ಸಾಕು ಮಾಡಿ. ನದಿಯುದ್ದಕ್ಕೂ ಗಾಳಿಗೆ ತಡೆ ಕಡಿಮೆ. ಹೋಗುವಾಗ ಎದುರುಗಾಳಿ ಇರುವ ದಿಕ್ಕು ಹಿಡಿದರೆ ದಣಿದು ಮರಳುವಾಗ ಅದೇ ಗಾಳಿ ಹಿಂದಿನಿಂದ ನೂಕುತ್ತದೆ.

ನಡೆಯುವವರನ್ನು ದಾಟುವುದು ಇಲ್ಲಿನ ನಿಜವಾದ ಕೌಶಲ. ನಿಮ್ಮ ತಲೆ ಅವರ ಸೊಂಟದ ಮಟ್ಟದಲ್ಲಿದೆ. ಬೆಲ್ ಕೇಳಿ ತಿರುಗಿದವರು ಎದೆಮಟ್ಟದಲ್ಲಿ ಸೈಕಲ್ ಹುಡುಕುತ್ತಾರೆ, ಏನೂ ಕಾಣದೆ ಮತ್ತೆ ಹಾದಿಯ ನಡುವಿಗೆ ಬರುತ್ತಾರೆ. ದೂರದಿಂದ ಒಮ್ಮೆ ಬೆಲ್ ಮಾಡಿ, ಹತ್ತಿರ ಬಂದಾಗ ಬಾಯಲ್ಲೇ "ಪಕ್ಕದಿಂದ ಬರ್ತಿದ್ದೀನಿ" ಎಂದು ಹೇಳಿ, ಅವರ ನಡಿಗೆಗಿಂತ ಸ್ವಲ್ಪವೇ ಹೆಚ್ಚು ವೇಗದಲ್ಲಿ ದಾಟಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರ ಹಿಂದೆ ನಿಂತು ಕಾಯಬೇಕಾದರೆ ಕಾಯಿರಿ. ನಿಂತರೂ ಬೀಳದ ಗಾಡಿ ನಿಮ್ಮದು, ನಡಿಗೆಗಿಂತ ನಿಧಾನವಾಗಿಯೂ ಹೋಗಬಲ್ಲದು. ಅದನ್ನು ಬಳಸಿಕೊಳ್ಳಿ.

ನಾಯಿಗಳ ಬಗ್ಗೆ ಬೇರೆಯೇ ಹೇಳಬೇಕು. ನಾಯಿಯ ಮುಖ, ನಿಮ್ಮ ಮುಖ ಹತ್ತಿರ ಹತ್ತಿರ ಒಂದೇ ಎತ್ತರದಲ್ಲಿರುತ್ತವೆ. ಕೆಲವು ಹೆದರುತ್ತವೆ, ಕೆಲವು ಆಟಕ್ಕೆ ಬರುತ್ತವೆ. ಅದಕ್ಕಿಂತ ಅಪಾಯ ಅದರ ಹಗ್ಗ. ಯಜಮಾನರು ಒಂದು ಬದಿ, ನಾಯಿ ಇನ್ನೊಂದು ಬದಿ, ನಡುವೆ ಸಣ್ಣ ದಾರ. ನನಗೆ ಒಮ್ಮೆ ಅದು ಕಂಡದ್ದು ಎರಡು ಮೀಟರ್ ದೂರದಲ್ಲಿ, ಕತ್ತಿನ ಮಟ್ಟದಲ್ಲಿ. ಅಂದಿನಿಂದ ನಾಯಿ ಕಂಡರೆ ಮನುಷ್ಯ ಎಲ್ಲಿ ಎಂದು ಹುಡುಕುತ್ತೇನೆ, ಮನುಷ್ಯ ಹಗ್ಗ ಎಳೆದುಕೊಳ್ಳುವವರೆಗೆ ಮುಂದೆ ಹೋಗುವುದಿಲ್ಲ.

ಹಾದಿಯ ಮೈಮೇಲೂ ಕಣ್ಣಿರಲಿ. ಎರಡು ಗಾಲಿಯವರು ಒಂದು ಗೆರೆ ನೋಡಿಕೊಂಡರೆ ಸಾಕು, ನಿಮಗೆ ಮೂರು ಗೆರೆ. ಮುಂದಿನ ಎರಡು ಗಾಲಿಗಳ ನಡುವೆ ಹಾಯಿಸಿಕೊಂಡ ಗುಂಡಿ ಹಿಂದಿನ ಗಾಲಿಗೆ ಸಿಗುತ್ತದೆ. ಮರದ ಬೇರು ಎತ್ತಿದ ಕಡೆ ನಡಿಗೆಯ ವೇಗಕ್ಕೆ ಇಳಿಯಿರಿ. ನೆಲಕ್ಕೂ ಗಾಡಿಗೂ ನಡುವೆ ಜಾಗ ಕಡಿಮೆ. ಮರದ ಹಲಗೆಯ ಸೇತುವೆ ಮುಂಜಾನೆಯ ಇಬ್ಬನಿಗೂ ಜಾರುತ್ತದೆ. ಅದರ ಮೇಲೆ ಬ್ರೇಕ್ ಹಾಕುವುದು, ತಿರುಗಿಸುವುದು ಎರಡೂ ಬೇಡ, ನೇರ ದಾಟಿ. ಹಾದಿ ನೀರಿನ ಕಡೆಗೆ ವಾಲಿದ್ದರೆ ಗಾಡಿಯೂ ಆ ಕಡೆಗೇ ಎಳೆಯುತ್ತದೆ. ತಡೆಗೋಡೆ ಇಲ್ಲದ ದಂಡೆಯಲ್ಲಿ ನಿಯಮ ಬಿಟ್ಟಷ್ಟು ಒಳಬದಿಗೆ ಇರಿ.

ಅರ್ಧ ಗಂಟೆಯಾದ ಮೇಲೆ ಕಾಲ್ಬೆರಳು ಜೋಮು ಹಿಡಿಯಬಹುದು. ಪಾದ ಎತ್ತರದಲ್ಲಿರುವುದು ಒಂದು ಕಾರಣ, ಶೂ ಬಿಗಿ ಇರುವುದು ಇನ್ನೊಂದು. ನಿಂತು ಲೇಸು ಸಡಿಲಿಸಿ. ಮತ್ತೆ ಮತ್ತೆ ಹೀಗಾದರೆ ಶೂ ಅಡಿಯ ಬಿಲ್ಲೆಯನ್ನು ತುಸು ಹಿಮ್ಮಡಿಯ ಕಡೆಗೆ ಸರಿಸಿ ನೋಡಿ.

9. ಅಡ್ಡರಸ್ತೆ ದಾಟುವಾಗ

ನದಿದಂಡೆಯ ಹಾದಿ ಅಲ್ಲಲ್ಲಿ ರಸ್ತೆಗೆ ಬಂದು ಸೇರುತ್ತದೆ. ಇಲ್ಲಿ ನೆನಪಿಡಬೇಕಾದ್ದು, ಗಾಡಿಯ ಮೂತಿ ನಿಮ್ಮ ಕಣ್ಣಿಗಿಂತ ಒಂದು ಮೀಟರ್‌ಗೂ ಮುಂದಿದೆ. ಪೊದೆ, ಗೋಡೆ, ನಿಂತ ಕಾರು ಇದ್ದರೆ ಬರುವ ವಾಹನ ನಿಮಗೆ ಕಾಣುವ ಹೊತ್ತಿಗೆ ನಿಮ್ಮ ಪಾದ ಆಗಲೇ ರಸ್ತೆಯಲ್ಲಿರುತ್ತದೆ. ಪೂರ್ತಿ ನಿಲ್ಲಿಸಿ. ಕಾಣದಿದ್ದರೆ ಪಾರ್ಕಿಂಗ್ ಬ್ರೇಕ್ ಹಾಕಿ, ಇಳಿದು, ನೋಡಿ ಬನ್ನಿ. ದಾಟುವ ಮುಂಚೆ ಚಾಲಕರ ಕಣ್ಣು ನಿಮ್ಮ ಮೇಲೆ ಬಿತ್ತೇ ಎಂದು ಖಚಿತ ಮಾಡಿಕೊಳ್ಳಿ. ಎತ್ತರದ ಲಾರಿಯ ಮೂತಿಯ ಹತ್ತಿರ ಮಾತ್ರ ನಿಲ್ಲಬೇಡಿ, ಅಲ್ಲಿ ನೀವು ಚಾಲಕರಿಗೆ ಕಾಣುವುದೇ ಇಲ್ಲ.

10. ಮರಳಿದ ಮೇಲೆ

ಮರಳು ಹತ್ತಿದ್ದರೆ ಒರೆಸಿ, ಚೈನಿಗೆ ಎಣ್ಣೆ ಬಿಡಿ. ಉದ್ದ ಚೈನು ನೆಲಕ್ಕೆ ಹತ್ತಿರ ಓಡುವುದರಿಂದ ದಂಡೆಯ ಮರಳನ್ನೆಲ್ಲ ಹೊತ್ತು ತರುತ್ತದೆ. ಬೂಮ್ ಮೇಲಿನ ಟೇಪಿನ ಗುರುತು ಇದ್ದಲ್ಲೇ ಇದೆಯೇ ನೋಡಿ. ಕೆಲವು ವಾರಗಳಿಗೊಮ್ಮೆ ಮುಂದಿನ ಟೈರುಗಳ ಮೇಲೆ ಕೈ ಆಡಿಸಿ. ಅವು ಹಿಂದಿನದಕ್ಕಿಂತ ತೀರಾ ಬೇಗ ಸವೆಯುತ್ತಿದ್ದರೆ ಎರಡು ಗಾಲಿಗಳು ಒಂದಕ್ಕೊಂದು ಸಮಾಂತರವಾಗಿ ಇಲ್ಲ ಎಂದರ್ಥ. ಗಾಲಿಗಳ ನಡುವಿನ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ, ನೆಲದಿಂದ ಒಂದೇ ಎತ್ತರದಲ್ಲಿ ಅಳೆಯಿರಿ. ಮುಂದಿನ ಅಳತೆ ಒಂದೆರಡು ಮಿಲಿಮೀಟರ್ ಕಡಿಮೆ ಇರುವುದು ಮಾಮೂಲು. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡರೆ ಹ್ಯಾಂಡಲ್‌ಗೂ ಗಾಲಿಗೂ ನಡುವಿನ ಕಡ್ಡಿಯನ್ನು ತಿರುಗಿಸಿ ಸರಿಮಾಡಿಸಿಕೊಳ್ಳಿ.